ಮೂರು ಮುಚ್ಚಳ ಕಾಯ್ದ ಕೆಲಸ

ಇಂಗ್ಲಿಷರಿದ್ದ ಕಾಲದಲ್ಲಿ, ಮಾದಾಪುರದ ಹತ್ತಿರದ ಒಂದು ಕಾಫಿ ತೋಟದಲ್ಲಿ ನಾನು ಎರಡು ವಾರಕ್ಕೂ ಸ್ವಲ್ಪ ಹೆಚ್ಚು ದಿನ ಒಂದು ವಿಚಿತ್ರ ಕೆಲಸ ಮಾಡಿದೆ. ಸಿನಿಮಾ ತೆಗೆಯುವ ಯಂತ್ರಕ್ಕೆ ಮೂರು ಗಾಜಿನ ಕಣ್ಣು, ಮೂರಕ್ಕೂ ಮೂರು ಮುಚ್ಚಳ. ಆ ಮುಚ್ಚಳಗಳನ್ನು ಕಾಯುವುದೇ ನನ್ನ ಕೆಲಸ. ಹೇಳಿದರೆ ಮೊಮ್ಮಕ್ಕಳು ಅದೂ ಒಂದು ಕೆಲಸವಾ ಎಂದು ನಗುತ್ತಾರೆ. ನಗಲಿ.

ನಾನು ಆ ತೋಟದವಳಲ್ಲ. ಶನಿವಾರಸಂತೆಯಿಂದ ಆಚೆಗಿನ ಒಂದು ಹಳ್ಳಿಗೆ ನನ್ನನ್ನು ಮದುವೆ ಮಾಡಿ ಕೊಟ್ಟಿದ್ದರು. ನಾಲ್ಕು ವರ್ಷ ಬಾಳಿದೆ. ಗಂಡ ಹೊಡೆಯುತ್ತಿದ್ದ. ಹೊಡೆಯುವ ಗಂಡಂದಿರು ಬೇರೆಯವರಿಗೂ ಇದ್ದರು, ಆದರೆ ನಮ್ಮ ಮನೆಯಲ್ಲಿ ಅವನು ಮುಗಿಸಿದ ಮೇಲೆ ಅತ್ತೆ ಶುರು ಮಾಡುತ್ತಿದ್ದಳು. ಒಂದು ದಿನ ಸೌದೆಗೆಂದು ಹೋದವಳು ತಿರುಗಿ ಹೋಗಲಿಲ್ಲ. ಹಗ್ಗ, ಕತ್ತಿ ಎರಡನ್ನೂ ಮರದ ಬುಡದಲ್ಲಿ ಇಟ್ಟು ಸೋಮವಾರಪೇಟೆಯ ದಾರಿ ಹಿಡಿದೆ. ಕತ್ತಿಯನ್ನು ತಂದಿದ್ದರೆ ಕಳ್ಳಿ ಎನ್ನುತ್ತಿದ್ದರು.

ಮಾದಾಪುರದ ತೋಟದ ಲೈನಿನಲ್ಲಿ, ಅಂದರೆ ಆಳುಗಳ ಸಾಲುಮನೆಯಲ್ಲಿ, ನನ್ನ ತಾಯಿಯ ತಂಗಿ ಇದ್ದಳು. ಗಂಡ ಸತ್ತ ಮೇಲೆ ತನಗೆ ಬೇಕಾದವನ ಜೊತೆ ಬಂದು ನೆಲೆಸಿದವಳು, ಈಗ ಅವನೂ ಇರಲಿಲ್ಲ. ಹಾಗಾಗಿ ನಮ್ಮ ಕಡೆಯವರು ಯಾರೂ ಅವಳ ಸುದ್ದಿ ಎತ್ತುತ್ತಿರಲಿಲ್ಲ. ನನ್ನ ಗಂಡನ ಮನೆಯವರಿಗಂತೂ ಇಂಥವಳೊಬ್ಬಳು ಇದ್ದಾಳೆಂದೇ ಗೊತ್ತಿರಲಿಲ್ಲ. ಅದೇ ನನಗೆ ಅನುಕೂಲವಾಯಿತು.

ಮಾರನೆಯ ದಿನ ಚಿಕ್ಕವ್ವ ನನ್ನನ್ನು ರೈಟರ ಮುಂದೆ ನಿಲ್ಲಿಸಿದಳು. ರೈಟರು ಎಂದರೆ ತೋಟದ ಹಾಜರಿ ಬರೆಯುವವರು. ಘಟ್ಟದ ಕೆಳಗಿನವರು, ಸಂಪಾಜೆ ಘಾಟಿ ಹತ್ತಿ ಬಂದವರು.

"ಊರು ಯಾವುದು?" ಎಂದು ಕೇಳಿದರು.

"ಮೈಸೂರು ಸೀಮೆ ಅಂತ ಬರ್ಕಳಿ ಸ್ವಾಮಿ," ಅಂದಳು ಚಿಕ್ಕವ್ವ.

"ಮೈಸೂರು ಸೀಮೆ ಅಂದ್ರೆ ಎಂತ ಒಂದು ಊರಾ ಮಾರಾಯ್ತಿ?"

"ಅಷ್ಟು ದೊಡ್ಡದಾಗಿ ಬರ್ದ್ರೆ ಯಾರೂ ಹುಡುಕ್ಕೊಂಡು ಬರಲ್ಲ."

ರೈಟರು ತಲೆ ಎತ್ತಿ ನನ್ನ ತುಟಿ ನೋಡಿದರು. ತುಟಿ ಇನ್ನೂ ಊದಿಕೊಂಡಿತ್ತು. ಚಿಕ್ಕವ್ವ ಹೇಳಿದ ಹಾಗೇ ಬರೆದುಕೊಂಡರು.

ಗಂಡ ಹುಡುಕುತ್ತಿದ್ದಾನೆ ಎಂಬ ಸುದ್ದಿ ಸಂತೆಗೆ ಹೋಗಿಬಂದವರ ಬಾಯಿಂದ ಬರುತ್ತಿತ್ತು. ಸಿಕ್ಕಿದರೆ ಹಿರಿಯರನ್ನು ಸೇರಿಸಿ, ಬುದ್ಧಿ ಹೇಳಿಸಿ, ಗಾಡಿ ಹತ್ತಿಸಿಕೊಂಡು ಹೋಗುತ್ತಾನೆ. ತೋಟದ ಇಂಗ್ಲಿಷ್ ದೊರೆಯೂ ತಡೆಯುವುದಿಲ್ಲ. ಗಂಡ ಹೆಂಡಿರ ವಿಷಯಕ್ಕೆ ದೊರೆಗಳು ಕೈ ಹಾಕುತ್ತಿರಲಿಲ್ಲ. ತಿರುಗಿ ಆ ಮನೆಗೆ ಹೋದರೆ ನಾನು ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಇದು ಹೆದರಿಕೆಯ ಮಾತಲ್ಲ, ಲೆಕ್ಕದ ಮಾತು. ನನಗಿಂತ ಮೊದಲು ಅವನಿಗೆ ಒಬ್ಬಳು ಹೆಂಡತಿ ಇದ್ದಳು. ಕೆರೆಗೆ ಬಿದ್ದಳು ಎನ್ನುತ್ತಿದ್ದರು.

ಹಣ್ಣು ಕೊಯ್ಲಿನ ಕಾಲದಲ್ಲಿ ನಮ್ಮ ದೊರೆಯ ಬಂಗಲೆಗೆ ಅವರ ನೆಂಟರೊಬ್ಬರು ಬಂದರು. ಉದ್ದಕ್ಕೆ, ತೆಳ್ಳಗೆ ಇದ್ದರು, ಬಿಸಿಲಿಗೆ ಮೂಗಿನ ಸಿಪ್ಪೆ ಸುಲಿದಿತ್ತು. ನಾವು ಅವರನ್ನು ಚಿತ್ರದ ದೊರೆ ಎನ್ನುತ್ತಿದ್ದೆವು. ಅವರ ಯಂತ್ರ ಮೂರು ಕಾಲಿನ ಮೇಲೆ ನಿಲ್ಲುತ್ತಿತ್ತು. ಗಡಿಯಾರಕ್ಕೆ ಕೊಟ್ಟ ಹಾಗೆ ಮಗ್ಗುಲಿನ ಚಾವಿ ತಿರುಗಿಸಿ ಬಿಟ್ಟರೆ ಸರ್ರನೆ ಓಡುತ್ತಿತ್ತು. ಮುಂದುಗಡೆ ತಿರುಗುವ ಒಂದು ತಟ್ಟೆ, ಅದರಲ್ಲಿ ಆ ಮೂರು ಕಣ್ಣು.

ಮೊದಲ ದಿನವೇ ರೈಟರು ಕಣಕ್ಕೆ ಬಂದು, ಕೈ ಶುದ್ಧವಾಗಿರುವ ಒಂದು ಹೆಂಗಸು ಬೇಕು ಎಂದರು. ಹಣ್ಣು ಕೊಯ್ಯುವವರ ಕೈ ಸೊನೆ ಹಿಡಿದು ಕರ್ರಗಾಗಿ ಅಂಟುತ್ತದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ನನಗೆ ಎಡಗೈಗೆ ಉಗುರುಸುತ್ತು ಆಗಿ ಕೊಯ್ಲಿಗೆ ಹೋಗಿರಲಿಲ್ಲ. ಕಣದಲ್ಲಿ ಕೂತು ಒಣಗಿದ ಬೀಜ ಆರಿಸುತ್ತಿದ್ದೆ. ಹಾಗೆ ನಾನು ಸಿಕ್ಕಿದೆ.

"ಕೆಲಸ ಎಂತ ಅಂದ್ರೆ," ರೈಟರು ಹೇಳಿದರು, "ದೊರೆ ನೋಡುವ ಕಿಂಡಿ ಬೇರೆ, ಚಿತ್ರ ಹಿಡಿಯುವ ಕಣ್ಣು ಬೇರೆ. ಮುಚ್ಚಳ ಹಾಕಿದ್ರೂ ಕಿಂಡಿಯಲ್ಲಿ ಎಲ್ಲ ಚೆಂದ ಕಾಣ್ತದೆ. ಆಮೇಲೆ ತೊಳೆದು ನೋಡಿದ್ರೆ ಬರೀ ಕಪ್ಪು. ಎಲ್ಲಿಯೋ ಆನೆ ಹಿಡಿಯುವುದನ್ನು ತೆಗೀಲಿಕ್ಕೆ ಹೋಗಿ, ಮುಚ್ಚಳ ತೆಗೀಲಿಕ್ಕೆ ಮರೆತು, ಒಂದು ಆನೆಯೂ ಸಿಕ್ಕಲಿಲ್ಲವಂತೆ. ಅದಕ್ಕೆ ಮುಚ್ಚಳಕ್ಕೇ ಅಂತ ಒಂದು ಜನ."

"ಅವರಿಗೇ ನೆನಪಿರಲ್ವಾ?"

"ನೆನಪಿದ್ರೆ ನಿನ್ನನ್ನು ಯಾಕೆ ಕೇಳ್ತಾರೆ?"

ಮುಚ್ಚಳಗಳು ತಗಡಿನವು. ಹೊರಗೆ ಕಪ್ಪು ಬಣ್ಣ, ಒಳಗಿನ ಅಂಚಿಗೆ ಮಖಮಲ್ಲಿನ ಪಟ್ಟಿ. ದೊಡ್ಡದು ನಮ್ಮ ಎಣ್ಣೆ ಗಿಂಡಿಯ ಬಾಯಿಯಷ್ಟು, ಸಣ್ಣದು ಅಡಿಕೆಯಷ್ಟು. ಕಣದಲ್ಲಿ ಬೀಜದ ಸಿಪ್ಪೆ ಯಾವಾಗಲೂ ಹಾರುತ್ತಿರುತ್ತದೆ. ಪಲ್ಪರ್ ಮನೆಯಲ್ಲಿ, ಅಂದರೆ ಹಣ್ಣಿನ ಸಿಪ್ಪೆ ಬಿಡಿಸುವ ಕಡೆ, ನೀರು ಎರಚುತ್ತದೆ. ಬೆಳಿಗ್ಗೆ ಮಂಜು ಇಳಿದು ಎಲ್ಲದಕ್ಕೂ ಹನಿ ಕೂರುತ್ತದೆ. ಇದೆಲ್ಲ ಗಾಜಿಗೆ ತಾಗಬಾರದು. ದೊರೆ ಒಂದು ಸಿಳ್ಳೆ ಹೊಡೆದರೆ ನಾನು ಹೋಗಿ ಆಗ ಬೇಕಾದ ಕಣ್ಣಿನ ಮುಚ್ಚಳ ತೆಗೆದು ಪಕ್ಕಕ್ಕೆ ಸರಿಯಬೇಕು. ಸರ್ರೆನ್ನುವ ಸದ್ದು ನಿಂತ ಕೂಡಲೇ ಒಳಗೆ ಊದಿ, ಬೋರಲು ಹಿಡಿದು ತಟ್ಟಿ, ತಿರುಗಿ ಹಾಕಬೇಕು. ಊದುವಾಗ ಉಗುಳು ಹಾರಬಾರದು. ಅದಕ್ಕಾಗಿ ನಾನು ಅಷ್ಟು ದಿನ ಎಲೆ ಅಡಿಕೆ ಬಿಟ್ಟೆ. ಅದೊಂದೇ ಕಷ್ಟ. ಮಧ್ಯಾಹ್ನ ಮುಚ್ಚಳಗಳನ್ನು ಬಿಸಿಲಿಗೆ ಮಗುಚಿಟ್ಟು ಪಟ್ಟಿಯ ತೇವ ಆರಿಸುತ್ತಿದ್ದೆ. ಅದನ್ನು ಯಾರೂ ಹೇಳಿಕೊಡಲಿಲ್ಲ. ಒದ್ದೆ ಮುಚ್ಚಳ ಹಾಕಿದರೆ ಯಾವುದೇ ಪಾತ್ರೆ ಬೆವರುತ್ತದೆ, ಹೆಂಗಸಿಗೆ ಅಷ್ಟು ತಿಳಿಯುತ್ತದೆ. ದೊರೆ ಅದನ್ನು ನೋಡಿ ರೈಟರಿಗೆ ಏನೋ ಹೇಳಿದರು. ಹೊಗಳಿದ್ದು ಎಂದು ರೈಟರು ಹೇಳಿದರು, ಏನೆಂದು ಹೊಗಳಿದರೋ ಹೇಳಲಿಲ್ಲ.

ಹತ್ತು ದಿನ ಹೀಗೆ ಹೋಯಿತು. ಒಂದು ಮಧ್ಯಾಹ್ನ ನಾನು ಸುಮ್ಮನೆ ಕೇಳಿದೆ, ಈ ಚಿತ್ರವನ್ನೆಲ್ಲ ಏನು ಮಾಡುತ್ತಾರೆ ಎಂದು.

"ಬರುವ ವರ್ಷ ಶನಿವಾರಸಂತೆಯಲ್ಲಿ ತೋರಿಸ್ತಾರಂತೆ," ಅಂದರು ರೈಟರು. "ಸಂತೆ ದಿನ, ಯಾವುದಾದ್ರೂ ಕಾಳಿನ ಮಂಡಿಯ ಕಿಟಕಿ ಮುಚ್ಚಿ. ತೋಟದ ಕೆಲಸ ಎಷ್ಟು ಸುಖ ಅಂತ ನೋಡಿ ಜನ ಕೂಲಿಗೆ ಬರಲಿ ಅಂತ."

ನನ್ನ ಕೈಯಲ್ಲಿದ್ದ ಮುಚ್ಚಳ ಜಾರಿತು. ಹುಲ್ಲಿನ ಮೇಲೆ ಬಿತ್ತು, ಏನೂ ಆಗಲಿಲ್ಲ. ಗಂಡ ಒಂದು ಸಂತೆಯನ್ನೂ ತಪ್ಪಿಸುವವನಲ್ಲ. ಪುಕ್ಕಟೆ ತೋರಿಸುವುದಾದರೆ ಅತ್ತೆಯನ್ನೂ ಕರೆತರುತ್ತಾನೆ. ನಾನು ಯಂತ್ರದ ಹಿಂದೆ ಇರುವವಳು, ಚಿತ್ರದಲ್ಲಿ ಬರುವುದಿಲ್ಲ, ಎಂದು ಸಮಾಧಾನ ಮಾಡಿಕೊಂಡೆ.

ಮೂರು ದಿನ ಕಳೆದಿರಬೇಕು. ಹಣ್ಣು ತುಂಬಿದ ಗಿಡಗಳ ಸಾಲಿನಲ್ಲಿ ಯಂತ್ರ ನಿಲ್ಲಿಸಿಕೊಂಡು ಚಿತ್ರದ ದೊರೆ ಸುತ್ತ ನೋಡಿದರು. ಕೊಯ್ಯುವವರನ್ನು ನೋಡಿದರು. ಆಮೇಲೆ ನನ್ನ ಕಡೆ ಬೆರಳು ತೋರಿಸಿದರು.

"ಹತ್ತಿರದಿಂದ ಒಂದು ಮುಖ ಬೇಕಂತೆ," ಅಂದರು ರೈಟರು. "ನೀನು ಆ ಗಿಡದ ಹತ್ತಿರ ನಿಂತು ಹಣ್ಣು ಕೊಯ್ಯಬೇಕು. ಕೊಯ್ದು, ಯಂತ್ರದ ಕಡೆ ನೋಡಿ ನಗಬೇಕು."

"ನಾನು ಬ್ಯಾಡ. ನನಗಿಂತ ಚೆನ್ನಾಗಿರೋರು ಬೇಕಾದಷ್ಟು ಜನ ಅವ್ರೆ ಅನ್ನಿ."

"ದೊರೆ ಕೇಳಿದ್ದು ನಿನ್ನ ಮುಖ ಮಾರಾಯ್ತಿ, ನಿನ್ನ ಅಭಿಪ್ರಾಯ ಅಲ್ಲ."

ಕೊಯ್ಯುತ್ತಿದ್ದ ಹೆಂಗಸರಿಗೆ ಇಷ್ಟು ಸಾಕಾಯಿತು. "ಮುಖ ತೊಳ್ಕೊಳೆ ಮೊದ್ಲು, ಗಾಜು ಒಡ್ದೋದಾತು," ಅಂದಳು ಒಬ್ಬಳು. "ಸಿನಿಮಾಕ್ಕೆ ಹೋದ್ಮೇಲೆ ನಮ್ಮನ್ನ ಮರೀಬ್ಯಾಡ, ವರ್ಷಕ್ಕೊಂದ್ ಸೀರೆ ಕಳ್ಸು," ಅಂದಳು ಇನ್ನೊಬ್ಬಳು. ಚಿಕ್ಕವ್ವ ಮಾತ್ರ ಬುಟ್ಟಿ ಕೆಳಗಿಟ್ಟು ನನ್ನ ಕಡೆ ಎರಡು ಹೆಜ್ಜೆ ಬಂದಳು.

ಆಗುವುದಿಲ್ಲ ಎಂದು ಜಗ್ಗಾಡಿದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಹೋಗಿ ನಿಂತೆ. ಮುಚ್ಚಳದ ಕೆಲಸವನ್ನು ದೊರೆ ರೈಟರಿಗೆ ವಹಿಸಿದರು. ರೈಟರು ಆಗಲೇ ಯಂತ್ರಕ್ಕೆ ಬಿಸಿಲು ಬೀಳದಂತೆ ಒಂದು ಕೈಯಲ್ಲಿ ಕೊಡೆ ಹಿಡಿದಿದ್ದರು, ಇನ್ನೊಂದು ಕೈಯಲ್ಲಿ ಹಾಜರಿ ಪುಸ್ತಕ. ಪುಸ್ತಕವನ್ನು ಅವರು ಎಂದೂ ನೆಲಕ್ಕೆ ಇಡುವವರಲ್ಲ.

ಸಿಳ್ಳೆ ಆಯಿತು. ದೊರೆ ಕಿಂಡಿಗೆ ಕಣ್ಣಿಟ್ಟರು. ಯಂತ್ರ ಸರ್ರೆಂದಿತು. ನಾನು ನಾಲ್ಕು ಹಣ್ಣು ಕೊಯ್ದು ಮುಖ ಎತ್ತಿದೆ. ಗಾಜು ಕಾಣಬೇಕಾದ ಕಡೆ ಕಪ್ಪು ಮುಚ್ಚಳ ಕಂಡಿತು.

ಹೇಳಬೇಕಾಗಿತ್ತು. ಅದೇ ನನ್ನ ಕೆಲಸವಾಗಿತ್ತು. ನಾನು ಹೇಳಲಿಲ್ಲ. ಹಲ್ಲು ಕಾಣುವಂತೆ ಮುಚ್ಚಳಕ್ಕೆ ನಕ್ಕೆ.

ಸದ್ದು ನಿಂತಿತು. ದೊರೆ ಚಾವಿ ಕೊಡಲು ಮಗ್ಗುಲಿಗೆ ಬಗ್ಗಿದರು. ನಾನು ಬೇಗ ಬೇಗ ಹೋಗಿ, ಹಾಕಿದ್ದ ಮುಚ್ಚಳದ ಮೇಲೆಯೇ ಕೈ ಇಟ್ಟು, ಈಗ ಹಾಕಿದ ಹಾಗೆ ಒತ್ತಿದೆ. ಪಕ್ಕದಲ್ಲಿ ನಿಂತ ರೈಟರು ನನ್ನ ಕೈ ನೋಡಿದರು, ಆಮೇಲೆ ಮುಖ ನೋಡಿದರು. ನಾನು ನೆಲ ನೋಡಿದೆ.

"ಇನ್ನೊಂದು ಸಲ ಬೇಕಂತೆ," ಅಂದರು ರೈಟರು. ಅವರ ದನಿಯಲ್ಲಿ ಏನೂ ಇರಲಿಲ್ಲ.

ತಿರುಗಿ ಗಿಡದ ಹತ್ತಿರ ಹೋದೆ. ಈ ಸಲ ತೆಗೆಯುತ್ತಾರೆ, ಮುಗಿಯಿತು ಎಂದುಕೊಂಡೆ. ಸಿಳ್ಳೆ ಆಯಿತು. ರೈಟರು ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿ ಕೈ ಚಾಚಿದರು. ಬೆರಳು ಮುಚ್ಚಳದ ಹತ್ತಿರ ಹೋಯಿತು, ಅದರ ಅಂಚು ಮುಟ್ಟಿತು, ಹಾಗೇ ಹಿಂದಕ್ಕೆ ಬಂತು. ಯಂತ್ರ ಓಡಿತು. ನಾನು ಎರಡನೆಯ ಸಲವೂ ನಕ್ಕೆ. ಈ ಸಲ ನಗಲು ಕಷ್ಟವಾಗಲಿಲ್ಲ.

ಸಂಜೆ ಹಾಜರಿಯ ಹೊತ್ತಿನಲ್ಲಿ ಕೇಳಿದೆ, "ಯಾಕೆ ಸ್ವಾಮಿ?"

"ಕೊಡೆ ಹಿಡಿದಿದ್ದೆ," ಅಂದರು. "ಕೈ ಖಾಲಿ ಇರಲಿಲ್ಲ."

ಆ ವಾರವೇ ಚಿತ್ರದ ದೊರೆ ಹೊರಟರು. ತೆಗೆದ ಚಿತ್ರವನ್ನು ತೊಳೆಸಲು ತಮ್ಮ ದೇಶಕ್ಕೇ ಒಯ್ದರು. ನಾನು ಎಲೆ ಅಡಿಕೆಗೆ ತಿರುಗಿದೆ, ಆದರೆ ಒಂದು ಅನುಮಾನ ಕೊರೆಯುತ್ತಿತ್ತು. ಅವರು ಹೊರಡುವ ಮೊದಲು ಮುಚ್ಚಳವನ್ನು ನನ್ನ ಕಣ್ಣಿಗೇ ಇಟ್ಟು ನೋಡಿದ್ದೆ. ಪೂರ್ತಿ ಕತ್ತಲೆ. ಆದರೂ ಅದು ನನ್ನ ಕಣ್ಣು. ಇಡೀ ತೋಟವನ್ನೇ ಹಿಡಿದು ಡಬ್ಬಿಯಲ್ಲಿ ತುಂಬುವ ಯಂತ್ರಕ್ಕೆ ಒಂದು ತಗಡು ಅಡ್ಡ ಬರುತ್ತದೆ ಎಂದು ಹೇಗೆ ನಂಬುವುದು? ಇಡೀ ಮಳೆಗಾಲ ಹೀಗೇ ಕಳೆಯಿತು. ಒಂದೊಂದು ದಿನ ನಂಬುತ್ತಿದ್ದೆ, ಒಂದೊಂದು ದಿನ ಇಲ್ಲ. ನಂಬದ ದಿನ ಚಿಕ್ಕವ್ವ, "ಇನ್ನೂ ಮುಂದೆ ಘಟ್ಟದ ಕೆಳಗೆ ಹೋಗ್ಬುಡಾನ," ಅನ್ನುತ್ತಿದ್ದಳು.

ಮಳೆ ನಿಂತ ಮೇಲೆ ಚಿತ್ರದ ಸುರುಳಿ, ತೋರಿಸುವ ಯಂತ್ರ, ಜೊತೆಗೊಂದು ಕಾಗದ ಬಂತು. ನಮ್ಮ ದೊರೆ ಕಾಗದ ಓದಿ ರೈಟರನ್ನು ಕರೆಸಿ ಕೂಗಾಡಿದರು. ಬಂಗಲೆಯ ಮುಂದೆ ಹುಲ್ಲು ಕೀಳುತ್ತಿದ್ದ ನಮಗೆಲ್ಲ ಕೇಳಿಸಿತು. ರೈಟರು ತಲೆ ತಗ್ಗಿಸಿ ನಿಂತಿದ್ದರು. ಹೊರಗೆ ಬಂದವರು ನನ್ನ ಹತ್ತಿರ ಒಂದು ಗಳಿಗೆ ನಿಂತರು.

"ಹೆಂಗಸಿನ ಮುಖದ್ದು ಎರಡು ಸಲವೂ ಬರೀ ಕಪ್ಪಂತೆ. ಕತ್ತರಿಸಿ ಬಿಸಾಡಿದ್ರಂತೆ. ಮುಚ್ಚಳ ತೆಗೆಯದ ಆ ಕತ್ತೆ ಯಾರು ಅಂತ ಕಾಗದದಲ್ಲಿ ಕೇಳಿದ್ದಾರೆ."

"ಏನಂದ್ರಿ?"

"ನಾನೇ ಅಂದೆ. ಮತ್ತೆ ಎಂತ ಹೇಳುವುದು?"

ನಾನು ಹುಲ್ಲಿನ ಮೇಲೆ ಕೂತುಬಿಟ್ಟೆ. ಎದೆಯ ಮೇಲಿಟ್ಟಿದ್ದ ಬೀಸುವ ಕಲ್ಲನ್ನು ಯಾರೋ ಎತ್ತಿಕೊಂಡ ಹಾಗಾಯಿತು. ಅವರಿಗೆ ಒಂದು ಒಳ್ಳೆಯ ಮಾತು ಹೇಳಬೇಕಿತ್ತು. ಮಾರನೆಯ ದಿನ ಅವರ ಮನೆಗೆ ಒಂದು ಹೊರೆ ಒಣಸೌದೆ ಹಾಕಿ ಬಂದೆ.

ಆದರೆ ಅಲ್ಲಿಗೇ ಮುಗಿಯಲಿಲ್ಲ. ಸಂತೆಗೆ ಒಯ್ಯುವ ಮೊದಲು ದೊರೆ ಕಾಫಿ ಗೋದಾಮಿನ ಕಿಟಕಿಗಳಿಗೆ ಗೋಣಿ ಹೊಡೆಸಿ ನಮಗೆಲ್ಲ ಒಮ್ಮೆ ತೋರಿಸಿದರು. ಮಾತಿಲ್ಲದ ಚಿತ್ರ. ಮೋಟಾರಿನ ಬ್ಯಾಟರಿಯಿಂದ ದೀಪ, ಗೋಡೆಗೆ ಬಂಗಲೆಯ ಮಂಚದ ಬಿಳಿ ಬಟ್ಟೆ. ಕಣ ಬಂತು, ಪಲ್ಪರ್ ಮನೆ ಬಂತು, ಗಾಡಿಗೆ ಮೂಟೆ ಹೇರುವುದು ಬಂತು. ಜನ ತಮ್ಮನ್ನು ತಾವೇ ಕಂಡು ಕಿರುಚಾಡಿದರು. ನನ್ನ ಮುಖ ಎಲ್ಲೂ ಇರಲಿಲ್ಲ. ಕೊನೆಗೆ ಬಟ್ಟೆ ಕಪ್ಪಾಯಿತು. ಕಪ್ಪಿನ ಅಂಚಿನಿಂದ ಬೆಳಕು ಒಡೆಯಿತು, ಅದರಲ್ಲಿ ಒಂದು ಕೈ. ಗೋಡೆ ತುಂಬ ಒಂದೇ ಕೈ, ಮುಚ್ಚಳ ಹಿಡಿದುಕೊಂಡು ಹಿಂದಕ್ಕೆ ಹೋಗಿ ಮಗುಚಿತು. ಸಿಳ್ಳೆಗೆ ಮೊದಲೇ ಚಿತ್ರದ ದೊರೆ ಯಂತ್ರ ಓಡಿಸಿಬಿಟ್ಟಿದ್ದ ಸಲ ಅದು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ನಾನು ನಗಲಿಲ್ಲ. ಕೈಯ ಹಿಂಭಾಗದಲ್ಲಿ ಚಾಪೆಯಷ್ಟು ಅಗಲಕ್ಕೆ ಸುಟ್ಟ ಕಲೆ ಕಾಣುತ್ತಿತ್ತು. ಉಪ್ಪು ಹೆಚ್ಚಾಯಿತೆಂದು ಅತ್ತೆ ಕಾದ ಸೌಟು ಇಟ್ಟಿದ್ದಳು. ಗಂಡ ಎದುರಿಗೇ ಉಣ್ಣುತ್ತಿದ್ದ. ಮುಖವನ್ನಾದರೂ ಮರೆಯಬಹುದು, ಆ ಕಲೆಯನ್ನು ಅದನ್ನು ಹಾಕಿದವಳು ಮರೆಯುತ್ತಾಳಾ?

ರೈಟರ ಹತ್ತಿರ ಓಡಿದೆ. "ಆ ಕೈ ಕತ್ತರಿಸಿ ತೆಗೀರಿ ಅಂತ ದೊರೆಗೆ ಹೇಳಿ."

ಅವರು ಹೋಗಿ ಕೇಳಿ ಬಂದರು. "ಆಗುವುದಿಲ್ಲವಂತೆ. ಜನ ನಗುವುದು ಅಲ್ಲಿ ಒಂದೇ ಕಡೆಯಂತೆ. ಅದನ್ನು ಕತ್ತರಿಸಿದ್ರೆ ಮತ್ತೆ ಎಂತ ಉಳೀತದೆ ಕೇಳಿದ್ರು."

ಶನಿವಾರ ತೋಟದ ಮೋಟಾರಿನಲ್ಲಿ ಯಂತ್ರ ಹೋಯಿತು. ಆಳು ಸೇರಿಸುವ ಮೇಸ್ತ್ರಿ, ರೈಟರ ಜೊತೆ ಚಿಕ್ಕವ್ವನೂ ಹತ್ತಿದಳು. ಅವಳನ್ನು ಅಲ್ಲಿ ಯಾರೂ ಗುರುತಿಸುವವರಿಲ್ಲ. ಗಂಡನ ಗುರುತು ಹೇಳಿ ಕಳಿಸಿದೆ: ಎತ್ತು ತಿವಿದು ಎಡಗಿವಿ ಹರಿದಿದೆ. ಬಟ್ಟೆ ಗಂಟು ಕಟ್ಟಿಟ್ಟುಕೊಂಡು ಇಡೀ ದಿನ ಬಾಗಿಲಲ್ಲಿ ಕೂತೆ. ಅವರು ಗುರುತು ಹಿಡಿದರೆ ಸಂಪಾಜೆಯ ದಾರಿ ಹಿಡಿಯುವುದು ಎಂದು ತೀರ್ಮಾನವಾಗಿತ್ತು. ಒಲೆ ಹೊತ್ತಿಸಲಿಲ್ಲ.

ಇನ್ನೂ ಬೆಳಕಿರುವಾಗಲೇ ಚಿಕ್ಕವ್ವ ಬಂದಳು.

"ಬಂದಿದ್ನಾ?"

"ನೀರು ಕೊಡೆ ಮೊದ್ಲು."

ಕೊಟ್ಟೆ. ಚೊಂಬು ಖಾಲಿ ಮಾಡಿ ಬಾಯಿ ಒರೆಸಿಕೊಂಡಳು.

"ಹರಿದ ಕಿವಿಯೋನು ಬಂದಿದ್ದ. ಜೊತೇಲಿ ಒಬ್ಳು ಮುದುಕಿ, ಎರಡೂ ಕಡೆ ಮೂಗುಬಟ್ಟು."

"ಅವ್ರೇ."

"ಅವರೇ ಅಂತ ಗೊತ್ತಾಯ್ತು, ಅದಕ್ಕೇ ಅವರ ಬೆನ್ನ ಹಿಂದೇನೆ ಕೂತ್ಕಂಡೆ. ಕೈ ಬಂತು ನೋಡು, ಮಂಡಿಗೆ ಮಂಡೀನೆ ನಗ್ತು. ಅವನೂ ನಕ್ಕ. ಎಲ್ರಿಗಿಂತ ಜೋರಾಗಿ."

"ಕಲೆ ನೋಡ್ಲಿಲ್ವಾ?"

"ಮುದುಕಿ ನೋಡುದ್ಳು. ಮಗನ ತೋಳು ಹಿಡಿದು ತೋರ್ಸುದ್ಳು. ನನ್ನ ಜೀವ ಬಾಯಿಗೆ ಬಂತು ಕಣೆ. ಏನಂದ್ಳು ಗೊತ್ತಾ? 'ನೋಡ್ಲಾ, ಯಾವಳೋ ಒಲೆ ಮುಂದೆ ಗ್ಯಾನ ಇಲ್ದೋಳು, ಕೈ ಸುಟ್ಕಂಡವ್ಳೆ' ಅಂದ್ಳು."

"ಅವನು?"

"ಹೂಂ ಅಂದ. ಕಡ್ಲೆಕಾಯಿ ಬಿಡಿಸ್ತಾ ಇದ್ದ."

"ಆಮೇಲೆ?"

"ಆಮೇಲೆ ಮೇಸ್ತ್ರಿ ಕೂಲಿಗೆ ಬರೋರು ಹೆಸರು ಹೇಳಿ ಅಂದ. ನಿನ್ ಗಂಡ, ನಾವು ಹೊಲ ಇರೋರು, ಬಿಳಿಯೋರ ತೋಟದ ಕಡೆ ಕಾಲೂ ಇಕ್ಕಲ್ಲ ಅಂತ ಹೇಳಿ ಎದ್ದೋದ. ಮುದುಕಿ ಪಂಚೆ ಅಂಗಡಿಗೆ ನುಗ್ಗುದ್ಳು. ಮದುವೆ ಜವಳಿ ಅಂತೆ, ಅವನಿಗೆ ಇನ್ನೊಂದು ಹೆಣ್ಣು ಗೊತ್ತು ಮಾಡವ್ರಂತೆ."

ನಾನು ನನ್ನ ಕೈ ನೋಡಿಕೊಂಡೆ. ನಾಲ್ಕು ವರ್ಷ ದಿನಕ್ಕೆ ಎರಡು ಹೊತ್ತು ಆ ಕೈ ಅವನ ತಟ್ಟೆಗೆ ಮುದ್ದೆ ಹಾಕಿತ್ತು. ಗೋಡೆಯಷ್ಟು ದೊಡ್ಡದಾಗಿ ತೋರಿಸಿದರೂ ಅವನಿಗೆ ಗುರುತು ಸಿಕ್ಕಲಿಲ್ಲ. ಬೇಜಾರಾಯಿತಾ ಎಂದು ಮೊಮ್ಮಗಳು ಕೇಳುತ್ತಾಳೆ. ಯಾಕೆ ಬೇಜಾರು? ಅಷ್ಟು ಹಗುರ ನನಗೆ ಮದುವೆಯಾದ ಮೇಲೆ ಎಂದೂ ಆಗಿರಲಿಲ್ಲ. ಆ ಬರುವ ಹುಡುಗಿಗೆ ಅಯ್ಯೋ ಪಾಪ ಎನ್ನಿಸಿತು, ಅದೂ ಒಂದು ಗಳಿಗೆ. ಅವಳಿಗೆ ಹೇಳಿ ಕಳಿಸಲು ನನಗೆ ದಾರಿ ಇರಲಿಲ್ಲ, ಇದ್ದಿದ್ದರೂ ಧೈರ್ಯ ಇರಲಿಲ್ಲ.

"ಗಂಟು ಬಿಚ್ಚೆ," ಅಂದಳು ಚಿಕ್ಕವ್ವ. "ಒಲೇನೂ ಹಚ್ಚಿಲ್ಲ, ಹಸಿದು ಬಂದೋಳಿಗೆ ಏನ್ ಇಕ್ತೀಯಾ?"

ಬಟ್ಟೆ ಬಿಚ್ಚಿ ಗಳುವಿಗೆ ಹಾಕಿ ಒಲೆ ಹಚ್ಚಿದೆ. ಒಣಮೀನು ಸುಟ್ಟು, ಎಸರು ಕಾಯಿಸಿ, ಮುದ್ದೆ ಕಟ್ಟಿದೆ. ಚಿಕ್ಕವ್ವ ಒಂದು ಉಂಡಳು, ನಾನು ಎರಡು ಉಂಡೆ. ಸೋಮವಾರ ಹಾಜರಿಗೆ ಹೋದಾಗ ರೈಟರಿಗೆ ನನ್ನ ಊರಿನ ಹೆಸರು ಹೇಳಿದೆ, ಬೇಕಾದರೆ ಬರೆದುಕೊಳ್ಳಿ ಎಂದೆ. ಅವರು ಪುಟ ತಿರುವಿ ನೋಡಿದರು.

"ಇರಲಿ ಬಿಡು," ಅಂದರು. "ಹೊಡೆದು ಬರೆದ್ರೆ ಪುಸ್ತಕ ಕೊಳಕಾಗ್ತದೆ. ಹೋಗು, ಕೊಯ್ಲಿಗೆ ಹೊತ್ತಾಯ್ತು."

ಬುಟ್ಟಿ ಎತ್ತಿಕೊಂಡು ಹೋದೆ.